ಗೋಕಾಕದ ಕಾಶೆವ್ವ

ಹುಕ್ಕೇರಿ
ತಾ. ೧೪-೧೧-೧೯೩೭, ರವಿವಾರ

ಗೋಕಾಕದಲ್ಲಿ ಬೀಡುಬಿಟ್ಟಿರುವ ನಮ್ಮ ಮನೆಯವರಿಗೆ ನಿಮ್ಮ ಕಾಶೆವ್ವನ ಶರಣು ಶರಣಾರ್ಥಿ.

ಇಲ್ಲಿ ಅತ್ತೆಯವರು ಕ್ಷೇಮ. ಎಮ್ಮೆ ಕ್ಷೇಮ, ಕರು ಕ್ಷೇಮ. ಕೊಟ್ಟಿಗೆಯಲ್ಲಿ ನೀವು ಬಿಟ್ಟುಹೋದ ಆಟದ ಸಾಮಾನಿನ ಟ್ರಂಕೂ ಕ್ಷೇಮ. ನನ್ನ ಕ್ಷೇಮವನ್ನು ಹೋದ ಪತ್ರದಲ್ಲಿ ನೀವು ಕೇಳಿರಲಿಲ್ಲ, ಆದ್ದರಿಂದ ನಾನೂ ಬರೆಯುವುದಿಲ್ಲ. ಜವಳಿಯ ಅಪ್ಪಣ್ಣನ ಕೈಯಲ್ಲಿ ಕಳಿಸಿದ ಕರದಂಟು ಮುಟ್ಟಿತು. ಬಾಯಿಗೆ ಸಿಹಿ ಇಟ್ಟರೆ ಹೆಂಡತಿ ಸುಮ್ಮನಾಗುತ್ತಾಳೆ ಎಂದು ನೀವು ಲೆಕ್ಕ ಹಾಕಿರಬೇಕು. ಕರದಂಟು ಮುಗಿದ ಮೇಲೂ ಬಾಯಿ ಉಳಿದಿರುತ್ತದೆ ಎಂಬುದು ನಿಮಗೆ ಹೊಳೆಯಲಿಲ್ಲ.

ಈ ಪತ್ರವನ್ನು ನಿಂತು ಓದಬೇಡಿರಿ, ಎಲ್ಲಾದರೂ ಕುಳಿತು ಓದಿರಿ. ನಿನ್ನೆ ನಿಮ್ಮ ಗೋಕಾಕದ ಸಾಲೆಯ ಸಾವಿತ್ರಿ ಅಕ್ಕೋರು ನಮ್ಮ ಮನೆಗೆ ಬಂದಿದ್ದರು.

ಎದೆ ಧಸಕ್ ಎಂದಿತೇ? ಎನ್ನಲಿ. ಅವರು ಬಂದು ಏನು ಮಾತಾಡಿದರು ಎಂಬುದನ್ನು ಈಗಲೇ ಹೇಳುವುದಿಲ್ಲ. ದಸರೆಯಿಂದ ಇಲ್ಲಿಯವರೆಗೆ ನಾನು ಒಳಗೊಳಗೇ ಬೆಂದದ್ದನ್ನು ಮೊದಲು ಓದಿರಿ. ನಡುವೆ ಹಾಳೆ ತಿರುವಿ ಕೊನೆಯನ್ನು ನೋಡಿದಿರೋ, ನನ್ನ ಆಣೆ.

ಕಾಕಾನ ಹಿಂಡಿ ಅಂಗಡಿಯ ತಕ್ಕಡಿ ಬಿಟ್ಟು ಬೆಳಗಾವಿಯ ಆಟದ ಸಾಮಾನಿನ ಅಂಗಡಿಗೆ ಏಜಂಟನಾಗುತ್ತೇನೆ ಎಂದು ನೀವು ಹೇಳಿದಾಗ ಇಡೀ ಓಣಿ ನಕ್ಕಿತು. ಚೆಂಡು ಮಾರಿ ಸಂಸಾರ ನಡೆಸುತ್ತಾನಂತೆ ಎಂದು ಆಡಿಕೊಂಡವರಿಗೆ ಉತ್ತರ ಕೊಟ್ಟವಳು ನಾನು. ತಂಬಿಗೆಯಲ್ಲಿ ಕೆಂಡ ತುಂಬಿ ನಿಮ್ಮ ಕೋಟಿನ ಸುಕ್ಕು ತೆಗೆದವಳು ನಾನು. ಬ್ಯಾಡ್ಮಿಂಟನ್ ಆಟದ ಪುಕ್ಕದ ಚೆಂಡಿನ ಡಬ್ಬಿಯನ್ನು ನೋಡಿ ಅತ್ತೆ, "ಲಿಂಗಪೂಜಿ ಮಾಡೋ ಮನ್ಯಾಗ ಕೋಳಿಪುಕ್ಕ ತಂದೇನೋ ಮೂಳಾ" ಎಂದು ಕೂಗಾಡಿದಾಗ, ಅದು ಕೋಳಿಯದಲ್ಲ, ಯಾವುದೋ ದೇಶದ ಬಾತಿನದು ಎಂದು ನಿಮ್ಮ ಪರವಾಗಿ ವಾದ ಮಾಡಿ, ಟ್ರಂಕಿಗೆ ಕೊಟ್ಟಿಗೆಯಲ್ಲಾದರೂ ಜಾಗ ಕೊಡಿಸಿದವಳೂ ನಾನೇ. ಇಷ್ಟೆಲ್ಲ ಮಾಡಿ ನಿಮ್ಮನ್ನು ಮೋಟಾರು ಹತ್ತಿಸಿದ್ದು ನೀವು ಊರೂರು ತಿರುಗಿ ನಾಲ್ಕು ಜನರಲ್ಲಿ ಒಬ್ಬರಾಗಲಿ ಎಂದು. ಅಕ್ಕೋರಿಗೆ ಜೊತೆಗಾರರಾಗಲಿ ಎಂದಲ್ಲ.

ಮೊದಮೊದಲು ನಿಮ್ಮ ಪತ್ರಗಳು ಎಷ್ಟು ಚೆನ್ನಾಗಿದ್ದವು! ಮೂಡಲಗಿಯ ಸಾಲೆಯವರು ಕಾಲ್ಚೆಂಡು ಕೊಂಡು, ದಸರೆಯ ಖಂಡೆಪೂಜೆಯ ದಿನ ಅದಕ್ಕೆ ವಿಭೂತಿ ಹಚ್ಚಿ, ಕಾಯಿ ಒಡೆದು, ಊದುಬತ್ತಿ ಬೆಳಗಿದರು. ಮರುದಿನ ನೀವು ಆಟ ಕಲಿಸಲು ಹೋದರೆ ಒಬ್ಬ ಹುಡುಗನೂ ಅದಕ್ಕೆ ಕಾಲು ತಗಲಿಸಲು ಒಪ್ಪಲಿಲ್ಲ. ಪೂಜೆ ಮಾಡಿದ್ದನ್ನು ಒದೆಯುವುದು ಹೇಗೆ? ಮಾಸ್ತರರೂ ಹುಡುಗರದೇ ಸರಿ ಎಂದರು. ಆ ಚೆಂಡು ಇಂದಿಗೂ ಸಾಲೆಯ ಗೋಡೆಯ ಮಾಡದಲ್ಲಿ ಕುಳಿತು ಹೂವು ಏರಿಸಿಕೊಳ್ಳುತ್ತಿದೆ ಎಂದು ನೀವು ಬರೆದದ್ದನ್ನು ಅತ್ತೆಗೆ ಓದಿ ಹೇಳಿದೆ. ಅತ್ತೆ ನಗಲಿಲ್ಲ. "ಮತ್ತ? ಶಾಣ್ಯಾ ಮಂದಿ ಅವರು" ಎಂದರು.

ಬೆಳಗಾವಿಯ ಮಾಲೀಕರೂ ನಗಲಿಲ್ಲ. ಸಾಲೆಗಳನ್ನು ನಂಬಿದರೆ ಹೀಗೇ ಆಗುತ್ತದೆ, ಆಡಿದರೂ ಅದೇ ಚೆಂಡನ್ನು ಹೊಲಿಸಿ ಹೊಲಿಸಿ ವರ್ಷ ತಳ್ಳುತ್ತಾರೆ, ಪುಕ್ಕದ ಚೆಂಡಾದರೆ ಎರಡು ಸಂಜೆಗೆ ಪುಕ್ಕ ಉದುರಿ ಮತ್ತೊಂದು ಬೇಕಾಗುತ್ತದೆ, ಅದಕ್ಕೆ ಕಾಲು ತಗಲಿಸುವ ತಕರಾರೂ ಇಲ್ಲ, ಗೋಕಾಕದಲ್ಲಿ ಹೆಂಗಸರ ಮಂಡಳವನ್ನು ಹಿಡಿ ಎಂದರಂತೆ. ಸಂಕ್ರಮಣದೊಳಗೆ ಹಿಡಿದರೆ ನೌಕರಿ ಕಾಯಂ, ಇಲ್ಲದಿದ್ದರೆ ಟ್ರಂಕು ಒಪ್ಪಿಸಿ ಹಿಂಡಿ ಅಂಗಡಿಗೆ ಹೋಗು ಎಂದರಂತೆ. ನೀವು ಅಂಜಿಕೊಂಡು ಇದನ್ನು ಬರೆದಾಗ ನಾನು ಬಸವಣ್ಣನ ಗುಡಿಗೆ ಹೋಗಿ ಕಾಯಿ ಒಡೆಸಿದೆ. ಹೆಂಗಸರನ್ನು ಹಿಡಿಯಲಿ ಎಂದು ಗಂಡನಿಗಾಗಿ ಕಾಯಿ ಒಡೆಸಿದ ಹುಚ್ಚಿ ಈ ಸೀಮೆಯಲ್ಲಿ ಇನ್ನೊಬ್ಬಳಿರಲಿಕ್ಕಿಲ್ಲ.

ಅಲ್ಲಿಂದ ಶುರುವಾಯಿತು ನಿಮ್ಮ ಅಕ್ಕೋರ ಪುರಾಣ. ಹೆಣ್ಣುಮಕ್ಕಳ ಸಾಲೆಯ ಹೆಡ್ ಅಕ್ಕೋರು ಮೊದಲ ದಿನವೇ ಬ್ಯಾಟು ಸರಿಯಾಗಿ ಹಿಡಿದರು. ಅಕ್ಕೋರು ಧಾರವಾಡದಲ್ಲಿ ಕಲಿತವರು. ಅಕ್ಕೋರು ಎಡಗೈಯಿಂದಲೂ ಹೊಡೆಯುತ್ತಾರೆ. ನಾನು ಎಡಗೈಯಿಂದ ರೊಟ್ಟಿ ತಿರುವುತ್ತ ಬಲಗೈಯಿಂದ ಒಲೆಗೆ ಕಟ್ಟಿಗೆ ಒಟ್ಟುತ್ತೇನೆ, ಅದನ್ನು ನೀವು ಯಾರಿಗಾದರೂ ಬರೆದದ್ದು ನಾನಂತೂ ಕಾಣೆ. ದೀಪಾವಳಿಗೂ ಬರಲಿಲ್ಲ. ಹಬ್ಬದ ರಜೆಯಲ್ಲಿ ಅಕ್ಕೋರಿಗೆ ಬಿಡುವಿದೆ, ಮಂಡಳದ ನಾಲ್ಕು ಹೆಂಗಸರನ್ನು ಕೂಡಿಸುತ್ತಾರೆ ಎಂದು ಬರೆದಿರಿ. ಆರತಿಯ ತಟ್ಟೆ ಹಿಡಿದು ನಾನು ಯಾರಿಗೆ ಬೆಳಗಬೇಕಿತ್ತು? ಎಮ್ಮೆಗೆ ಬೆಳಗಿದೆ. ಅದು ತಟ್ಟೆಯಲ್ಲಿದ್ದ ಎಲೆಯನ್ನು ತಿಂದು ಸುಮ್ಮನೆ ನಿಂತಿತು.

ಅದರ ಮೇಲೆ ಅಪ್ಪಣ್ಣ ಬಂದ. ಗೋಕಾಕದ ಸಂತೆಯಿಂದ ಬರುವಾಗ ಅವನು ಜವಳಿಯ ಜೊತೆಗೆ ಸುದ್ದಿಯನ್ನೂ ಗಂಟು ಕಟ್ಟಿಕೊಂಡು ಬರುತ್ತಾನೆ. ಕರದಂಟಿನ ಪೊಟ್ಟಣವನ್ನು ಕೈಗೆ ಕೊಡುತ್ತ, "ಏನವಾ ಕಾಶೆವ್ವಾ, ನಿನ್ನ ಗಂಡ ಸಾಲಿ ಹಿಂದಿನ ಬೈಲದಾಗ ಅಕ್ಕೋರ ಜೋಡಿ ಜಿಗದಾಡಾಕತ್ತಾನಲ್ಲ! ಮಂದಿ ಗ್ವಾಡಿ ಮ್ಯಾಲ ಕುಂತು ನೋಡಾಕತ್ತೈತಿ" ಎಂದ. "ಅವರು ಪಗಾರ ತಗೊಂಡು ಜಿಗೀತಾರೋ ಅಪ್ಪಣ್ಣಾ, ನಿನ್ನಂಗ ಬಿಟ್ಟಿ ಮಂದಿ ಮನಿ ಸುದ್ದಿಗೆ ಜಿಗಿಯೂದಿಲ್ಲ" ಎಂದು ಕಳಿಸಿದೆ. ಅವನ ಎದುರಿಗೆ ಮಾತು ಗಟ್ಟಿಯಾಗಿ ಬಂತು. ಒಳಗೆ ಹೋಗಿ ರೊಟ್ಟಿ ಬಡಿಯಲು ಕುಳಿತರೆ ಒಂದೂ ದುಂಡಗಾಗಲಿಲ್ಲ.

ಮಧ್ಯಾಹ್ನ ಅತ್ತೆ ಹೊಲಕ್ಕೆ ಹೋದಾಗ ಕೊಟ್ಟಿಗೆಗೆ ಹೋಗಿ ಟ್ರಂಕು ತೆರೆದೆ. ಈ ಬ್ಯಾಟಿನಲ್ಲಿ ಏನಿದೆ, ಹಬ್ಬಕ್ಕೂ ಗಂಡನನ್ನು ಮನೆಗೆ ಬಿಡದಂಥದು, ನೋಡಿಯೇ ಬಿಡೋಣ ಎಂದುಕೊಂಡೆ. ಹಗುರಾಗಿದೆ. ನಮ್ಮ ಹಿಟ್ಟಿನ ಜರಡಿಗೆ ಉದ್ದ ಹಿಡಿ ಹಚ್ಚಿದ ಹಾಗಿದೆ, ಅಷ್ಟೇ. ಪುಕ್ಕದ ಚೆಂಡನ್ನು ಮೇಲಕ್ಕೆ ಒಗೆದು ಬೀಸಿದೆ, ತಗಲಲಿಲ್ಲ. ಇನ್ನೊಮ್ಮೆ ಬೀಸಿದೆ, ಹೋಗಿ ಎಮ್ಮೆಯ ಬೆನ್ನ ಮೇಲೆ ಕುಳಿತಿತು. ನನಗೆ ಅಳು ಬಂತು. ಅಕ್ಕೋರಿಗೆ ಎರಡೂ ಕೈಯಿಂದ ಬರುವುದು ನನಗೆ ಒಂದರಿಂದಲೂ ಬರುವುದಿಲ್ಲ ಎಂದು, ಯಾರೂ ಇಲ್ಲದ ಕೊಟ್ಟಿಗೆಯಲ್ಲಿ ನಿಂತು ಅತ್ತುಬಿಟ್ಟೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇನೆ.

ಈಗ ನಿನ್ನೆಯ ಮಾತು.

ಅಕ್ಕೋರಿಗೆ ಇಲ್ಲಿಯ ಸಾಲೆಯಲ್ಲಿ ಏನೋ ಕೆಲಸವಿತ್ತಂತೆ. ಮುಗಿಸಿಕೊಂಡು, ಮನೆ ಕೇಳುತ್ತ ಕೇಳುತ್ತ ಬಂದರು. ಅವರು ಮುದುಕಿಯಾಗಿರಲಿ, ಹಲ್ಲುಬ್ಬಿಯಾಗಿರಲಿ, ಕನಿಷ್ಠ ಒಂದು ಕಣ್ಣಾದರೂ ಮೆಳ್ಳೆಯಾಗಿರಲಿ ಎಂದು ನಾನು ಬೇಡಿಕೊಂಡದ್ದು ಯಾವ ದೇವರಿಗೂ ಕೇಳಿಸಿಲ್ಲ. ಬಿಳಿ ಸೀರೆಯಲ್ಲೂ ಎಷ್ಟು ಲಕ್ಷಣ! ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು ಎಂಬುದನ್ನು ನೀವು ಯಾವ ಪತ್ರದಲ್ಲೂ ಬರೆದಿರಲಿಲ್ಲ. ಯಾಕೆ ಬರೆಯಲಿಲ್ಲ ಎಂದು ನಾನು ಕೇಳುವುದಿಲ್ಲ, ನೀವೇ ಯೋಚಿಸಿರಿ.

ಬಾಗಿಲಲ್ಲೇ ನಿಮ್ಮ ಹೆಸರು ಹಿಡಿದು, ಅವರ ಮನೆ ಇದೇ ಏನ್ರಿ ಎಂದರು. ಆಮೇಲೆ ಮಾತುಮಾತಿಗೂ ಅದೇ ಹೆಸರು. ನಾನು ಆ ಹೆಸರನ್ನು ಹೇಳಿದ್ದು ಮದುವೆಯಲ್ಲಿ ಒಡಪು ಕಟ್ಟಿ ಒಮ್ಮೆ, ಹೊಸ್ತಿಲಲ್ಲಿ ನಿಮ್ಮ ಸೋದರತ್ತೆ ಅಡ್ಡ ನಿಂತಾಗ ಒಮ್ಮೆ. ಅದೂ ಬೆಳ್ಳಿಬಟ್ಟಲು, ಬಾಳೆಎಲೆ ಎಂದು ಸುತ್ತಿ ಬಳಸಿ. ಇವರು ನೀರು ಕುಡಿದಷ್ಟು ಸಲೀಸಾಗಿ ಹೇಳುತ್ತಿದ್ದರು. ಒಂದೊಂದು ಸಲ ಹೇಳಿದಾಗಲೂ ನನ್ನ ಮೈಗೆ ಮೆಣಸಿನಕಾಯಿ ಅರೆದು ಹಚ್ಚಿದ ಹಾಗಾಗುತ್ತಿತ್ತು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವರ ಮಾತಿನಲ್ಲಿ ಅದು ಬರುವ ಕಡೆಯೆಲ್ಲ 'ಅವರು' ಎಂದು ಹಾಕಿದ್ದೇನೆ, ತಿದ್ದಿ ಓದಿಕೊಳ್ಳಿರಿ.

ಅತ್ತೆ ಚಾಪೆ ಹಾಸಿದರು, ನಾನು ಮಜ್ಜಿಗೆ ಕೊಟ್ಟೆ. ಒಳ್ಳೆಯ ಮಜ್ಜಿಗೆಯನ್ನೇ ಕೊಟ್ಟೆ, ಹುಳಿಯಾದದ್ದೂ ಇತ್ತು. ಅಕ್ಕೋರು ಲೋಟ ಕೆಳಗಿಟ್ಟವರೇ ನನ್ನ ಕಡೆ ತಿರುಗಿ, "ಎಲ್ಲೈತ್ರಿ ಕಾಶೆವ್ವಾ ನೀವು ಆಡೂ ಹಿತ್ತಲಾ? ಮೊದಲ ಅದನ್ನ ನೋಡಬೇಕ್ರಿ ನಾ" ಎಂದರು.

ನನಗೆ ತಿಳಿಯಲಿಲ್ಲ. ಅತ್ತೆಗಂತೂ ಏನೂ ತಿಳಿಯಲಿಲ್ಲ. ಅಕ್ಕೋರು ನಗುತ್ತ, "ನಾಚಬ್ಯಾಡ್ರಿ, ಅವರು ಎಲ್ಲಾ ಹೇಳ್ಯಾರ. ಸಂಜಿ ಮುಂದ ಎಮ್ಮಿಗೆ ಹಿಂಡಿ ಇಟ್ಟು, ಸೆರಗ ಸೊಂಟಕ್ಕ ಸಿಗಿಸ್ಕೊಂಡು ಆಟಕ್ಕ ಬರ್ತೀರಂತ. ಹೊಡತಾ ತಪ್ಪಿದ್ರ ಜೋರಾಗಿ ನಗತೀರಂತ. ಚೆಂಡ ಬಿದ್ರ ಅವರು ಬಗ್ಗಿ ಎತ್ತಿ ನಿಮ್ಮ ಕೈಯಾಗ ಕೊಡತಾರಂತ. ಅತ್ತೆವ್ವಾರು ಕಟ್ಟಿ ಮ್ಯಾಲ ಕುಂತು ನೋಡತಾರಂತ. ಹೌದಲ್ರಿ ಅತ್ತೆವ್ವಾ?" ಎಂದರು.

ಅತ್ತೆಯ ಬಾಯಿ ತೆರೆಯಿತು. ಮುಚ್ಚಲಿಲ್ಲ.

ಅಕ್ಕೋರು ಇನ್ನೂ ಹೇಳಿದರು. ಗೋಕಾಕದಲ್ಲಿ ಮೊದಲು ಯಾರೂ ಸೊಸೆಯರನ್ನು ಆಟಕ್ಕೆ ಕಳಿಸಲಿಲ್ಲವಂತೆ. "ಗಂಡಿಲ್ಲದ ಅಕ್ಕೋರು ಜಿಗೀತಾಳ, ಆಕಿಗೇನು, ಸಂಸಾರಸ್ಥರ ಮನಿ ಸೊಸಿ ಜಿಗಿಯೂದೇನು ಅಂದರ್ರಿ" ಎನ್ನುವಾಗ ಅವರ ದನಿ ಸ್ವಲ್ಪ ಇಳಿಯಿತು. ಆಗ ನೀವು ಹುಕ್ಕೇರಿಯ ಕಾಶೆವ್ವನ ಕಥೆ ಹೇಳಿದಿರಂತೆ. ಲಿಂಗವಂತರ ಮನೆಯ ಸೊಸೆ ಅತ್ತೆಯ ಕಣ್ಣೆದುರಿಗೇ ಆಡುತ್ತಾಳೆಂದರೆ ನಾವೇಕೆ ಆಡಬಾರದು ಎಂದು ಅಲ್ಲಿಯ ಸೊಸೆಯರು ಪಟ್ಟು ಹಿಡಿದರಂತೆ. ಅತ್ತೆಯರು ಒಪ್ಪಿದ್ದಾರೆ, ಆದರೆ ಒಂದು ಕರಾರು. ಬರುವ ತಿಂಗಳು ಬಯಲಿನಲ್ಲಿ ಮಂಡಳದ ಆಟ ಶುರುವಾಗುವ ದಿನ ಆ ಕಾಶೆವ್ವನನ್ನು ಕರೆಸಿರಿ, ಗಂಡ ಹೆಂಡತಿ ಕೂಡಿ ಮೊದಲು ಆಡಿ ತೋರಿಸಲಿ, ಕಣ್ಣಾರೆ ನೋಡಿದ ಮೇಲೆ ನಮ್ಮ ಸೊಸೆಯರು ಬ್ಯಾಟು ಮುಟ್ಟಲಿ ಎಂದಿದ್ದಾರೆ. ಅದನ್ನು ನಿಮ್ಮ ಬಾಯಿಂದ ಹೇಳಿಸಿದರೆ ಸಾಲದು, ತಾವೇ ಕರೆಯಬೇಕು ಎಂದು ಅಕ್ಕೋರು ಬಂದದ್ದು.

ಎತ್ತು ಈದಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ನೀವು ಈಯಿಸಿದಿರಿ, ಇಡೀ ಗೋಕಾಕ ಹಗ್ಗ ಹಿಡಿದುಕೊಂಡು ಬಂದಿತು.

ಆಗ ನನ್ನ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. "ನಾ ಯಾವ ಬ್ಯಾಟೂ ಹಿಡದಾಕಿ ಅಲ್ರಿ ಅಕ್ಕೋರ, ಅವರು ಹೇಳಿದ್ದು ಸುಳ್ಳರಿ" ಎಂದು ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ಮಂಡಳ ಮುರಿಯುತ್ತಿತ್ತು, ಮಾಲೀಕರು ಟ್ರಂಕು ಕೇಳುತ್ತಿದ್ದರು, ನೀವು ಕಾಕಾನ ತಕ್ಕಡಿಯ ಮುಂದೆ ಬಂದು ಕೂರುತ್ತಿದ್ದಿರಿ. ದಿನಾ ಸಂಜೆ ಮನೆಗೆ ಬರುತ್ತಿದ್ದಿರಿ. ಅಕ್ಕೋರ ಮುಖವನ್ನು ಮತ್ತೆ ನೋಡುತ್ತಿರಲಿಲ್ಲ. ಇಷ್ಟು ದಿನ ನಾನು ಬೇಡಿಕೊಂಡದ್ದು ಇದನ್ನೇ. ಮಾತು ನಾಲಿಗೆಯ ತುದಿಗೆ ಬಂದಿತ್ತು.

ಆದರೆ ಅಷ್ಟರಲ್ಲಿ ನನ್ನ ಹೊಟ್ಟೆಕಿಚ್ಚು ಜಾಗ ಬದಲಿಸಿತ್ತು. ಅಕ್ಕೋರನ್ನು ಬಿಟ್ಟು ಅದು ನೀವು ಕಥೆ ಕಟ್ಟಿದ ಆ ಗೋಕಾಕದ ಕಾಶೆವ್ವನಿಗೆ ಹತ್ತಿಕೊಂಡಿತು. ಯಾರವಳು? ಸೆರಗು ಸಿಗಿಸಿಕೊಂಡು ಗಂಡನ ಎದುರಿಗೆ ನಿಲ್ಲುತ್ತಾಳಂತೆ. ಜೋರಾಗಿ ನಗುತ್ತಾಳಂತೆ. ನಾನು ನಿಮ್ಮೆದುರಿಗೆ ಜೋರಾಗಿ ನಕ್ಕದ್ದು ಯಾವಾಗ, ನಿಮಗೆ ನೆನಪಿದ್ದರೆ ಬರೆಯಿರಿ. ಆಕೆಗಾಗಿ ನೀವು ಬಗ್ಗಿ ಚೆಂಡು ಎತ್ತಿಕೊಡುತ್ತೀರಂತೆ. ಇಲ್ಲಿ ಉಂಡ ತಾಟನ್ನು ಒಂದು ಗೇಣು ಸರಿಸಿದವರಲ್ಲ ನೀವು! ಇಂಥ ಹೆಂಡತಿ ಬೇಕು ಎಂಬ ಆಸೆ ನಿಮ್ಮೊಳಗಿದ್ದರೆ, ಏಳು ಹರದಾರಿ ದೂರದ ಗೋಕಾಕದ ಹೆಂಗಸರಿಗೆ ಹೇಳುವ ಬದಲು ಅಡಿಗೆಮನೆಯ ಬಾಗಿಲಿಗೆ ಬಂದು ನನಗೆ ಹೇಳಬಾರದಿತ್ತೇ? ನಾನು ಬೇಡ ಎನ್ನುತ್ತಿದ್ದೆನೇ?

ಅಕ್ಕೋರಾದರೂ ಕಣ್ಣಿಗೆ ಕಾಣುತ್ತಾರೆ, ಮಜ್ಜಿಗೆ ಕುಡಿಯುತ್ತಾರೆ, ಹೊತ್ತಾಯಿತೆಂದು ಎದ್ದು ಹೋಗುತ್ತಾರೆ. ನನ್ನ ಹೆಸರಿಟ್ಟುಕೊಂಡು, ನನ್ನ ಎಮ್ಮೆಗೇ ಹಿಂಡಿ ಇಟ್ಟು, ನನ್ನ ಗಂಡನ ಜೊತೆ ನಗುವ ಆಕೆಯನ್ನು ನಾನು ಹೇಗೆ ಹೊರಗೆ ಹಾಕಲಿ? ಸುಳ್ಳು ಎಂದರೆ ಆಕೆ ಸಾಯುತ್ತಾಳೆ, ನಿಜ. ಆದರೆ ಆಕೆ ಸತ್ತರೆ ನಾನು ಮತ್ತೆ ಬರೀ ರೊಟ್ಟಿ ಬಡಿಯುವ ಕಾಶೆವ್ವ. ಅದನ್ನು ನನ್ನ ಕೈಯಾರೆ ಮಾಡಿಕೊಳ್ಳಲು ಮನಸ್ಸಾಗಲಿಲ್ಲ.

ಅತ್ತೆ ಅಷ್ಟರಲ್ಲಿ ಬಾಯಿ ಸರಿಮಾಡಿಕೊಂಡು, "ಯಾವ ಆಟಾನವಾ? ಈಕಿ..." ಎಂದು ಶುರು ಮಾಡಿದರು. ನಾನು ನಡುವೆಯೇ ಹಾರಿ, "ಹಿತ್ತಲದಾಗ ಜ್ವಾಳದ ಕಣಿಕಿ ಒಟ್ಟೇವ್ರಿ ಅಕ್ಕೋರ, ಅದಕ ಆಟದ ಬಲಿ ಬಿಚ್ಚಿಟ್ಟೇವಿ. ಅವರು ಬಂದ ಮ್ಯಾಲ ಕಟ್ಟತೇವ್ರಿ" ಎಂದೆ. ಅತ್ತೆ ನನ್ನನ್ನು ನೋಡಿದರು, ಅಕ್ಕೋರನ್ನು ನೋಡಿದರು, ಮಜ್ಜಿಗೆಯ ಖಾಲಿ ಲೋಟವನ್ನು ತಮ್ಮ ಕಡೆ ಎಳೆದುಕೊಂಡರು. ಬರುತ್ತೀರಾ ಎಂದು ಅಕ್ಕೋರು ಕೇಳಿದರು. ಬರುತ್ತೇನೆ ಎಂದೆ.

ಹೊರಡುವ ಮುಂಚೆ ಅವರು ನನ್ನ ಕೈ ಹಿಡಿದುಕೊಂಡರು. "ಒಂದ ಮಾತ ಹೇಳತೇನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮ್ಮ ಮಾರಿ ನೋಡೂಕಿಂತ ಮೊದಲ ನಿಮ್ಮ ಮ್ಯಾಲ ನನಗ ಹೊಟ್ಟಿಕಿಚ್ಚ ಆಗಿತ್ತರಿ. ಗಂಡ ಹೆಂಡ್ತಿ ಹಿಂಗ ನಕ್ಕೋತ ಇರೂದನ್ನ ನಾ ಎಲ್ಲೂ ಕಂಡಿಲ್ಲ" ಎಂದರು. ಕಣ್ಣು ತುಂಬಿಕೊಂಡಿದ್ದವು. ಅವರಿಗೆ ನಿಮ್ಮ ಮೇಲೆ ಮನಸ್ಸಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಇದ್ದರೂ ಅವರನ್ನು ಬಯ್ಯಲು ಬಾಯಿ ಬರಲಿಲ್ಲ, ಅವರಿಗೂ ನನಗೂ ಕಿಚ್ಚು ಹತ್ತಿದ್ದು ಒಬ್ಬಳ ಮೇಲೆಯೇ. ಹಾಗೆಂದು ನೀವು ಹಗುರಾಗಬೇಡಿರಿ. ನಾನು ಬರುವವರೆಗೆ ಆ ಬಯಲಿನಲ್ಲಿ ನೀವು ಬಲೆಯ ಈಚೆ ಬದಿಯಲ್ಲಿ ಒಬ್ಬರೇ ನಿಲ್ಲತಕ್ಕದ್ದು.

ಅವರು ಓಣಿ ದಾಟಿದ ಮೇಲೆ ಅತ್ತೆ ನನ್ನನ್ನು ಕೂರಿಸಿ ಎಲ್ಲ ಕೇಳಿದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು. ಆಮೇಲೆ, "ನನ್ನ ಮಗಾ ಸುಳ್ಳಬುರುಕ ಅಂತ ಗೋಕಾಕದ ಮಂದಿ ಅನಬಾರದು. ಅಂವ ಹೇಳ್ಯಾನಲ್ಲ, ಅದನ್ನ ಖರೆ ಮಾಡ್ರಿ. ಆ ಕೋಳಿಪುಕ್ಕ ಮಾತ್ರ ಹೊಸ್ತಿಲಾ ದಾಟಬಾರದು" ಎಂದರು. ಬಾತಿನ ಪುಕ್ಕ ಎಂದು ನಾನು ತಿದ್ದಲು ಹೋಗಲಿಲ್ಲ. ಇಂದು ಬೆಳಿಗ್ಗೆ ಎದ್ದು ನೋಡಿದರೆ ಹಿತ್ತಲಿನ ಕಣಿಕೆಯ ಬಣವೆಯನ್ನು ಅರ್ಧ ಸರಿಸಿಬಿಟ್ಟಿದ್ದರು.

ಆದ್ದರಿಂದ ಈ ಪತ್ರ ಮುಟ್ಟಿದ ಕೂಡಲೇ ಹೊರಟು ಬರತಕ್ಕದ್ದು. ಕೊಣ್ಣೂರಿನ ಸಾಲೆ, ಮೂಡಲಗಿಯ ಮಾಸ್ತರರು, ಯಾರ ನೆಪವೂ ನಡೆಯುವುದಿಲ್ಲ. ಬಲೆ ಕಟ್ಟಬೇಕು, ನನಗೆ ಬ್ಯಾಟು ಹಿಡಿಯಲು ಕಲಿಸಬೇಕು, ಚೆಂಡು ಬಿದ್ದಾಗ ಬಗ್ಗಬೇಕು. ನಗುವುದನ್ನು ಮಾತ್ರ ನೀವು ಕಲಿಸಬೇಕಾಗಿಲ್ಲ, ಅದು ನನಗೆ ಬರುತ್ತದೆ. ಇಷ್ಟು ದಿನ ನೀವು ಕೇಳಿರಲಿಲ್ಲ.

ಕೋಟು ಸುಕ್ಕಾಗಿದ್ದರೆ ಹಾಗೆಯೇ ತನ್ನಿರಿ. ಸುಕ್ಕು ತೆಗೆಯುವವಳು ನಾನಿದ್ದೇನೆ.

ನಿಮ್ಮ ದಾರಿ ಕಾಯುತ್ತಿರುವ,
ಹುಕ್ಕೇರಿಯ ಕಾಶೆವ್ವ

ತಾ.ಕ.: ಒಂದು ಮಾತು ಬರೆಯುವುದು ಉಳಿಯಿತು. ಅಕ್ಕೋರು ಮೆಟ್ಟಿಲಿಳಿಯುತ್ತ, ಆಟದಲ್ಲಿ ಗಂಡ ಹೆಂಡತಿಯೊಳಗೆ ಗೆಲ್ಲುವವರು ಯಾರು ಎಂದು ಕೇಳಿದರು. ಇಷ್ಟು ದೊಡ್ಡ ಸುಳ್ಳಿನಲ್ಲಿ ನನ್ನದೂ ಒಂದು ಪಾಲು ಇರಲಿ ಎಂದು, "ಅವರು ಇನ್ನೂ ಒಮ್ಮೆನೂ ಗೆದ್ದಿಲ್ರಿ" ಎಂದುಬಿಟ್ಟೆ. ಅಕ್ಕೋರಿಗೆ ಹೇಳಲಾರದಷ್ಟು ಹಿಗ್ಗಾಯಿತು, ಮಂಡಳದ ಎಲ್ಲ ಹೆಂಗಸರಿಗೂ ಹೇಳುತ್ತೇನೆ ಎಂದು ಹೋದರು. ಈಗ ಅದನ್ನೂ ಖರೆ ಮಾಡಬೇಕಲ್ಲ. ಬರುವಾಗ ಮೋಟಾರಿನಲ್ಲಿ ಕುಳಿತು, ಊರ ಮಂದಿಯೆದುರು ಹೆಂಡತಿಯ ಕೈಯಲ್ಲಿ ಸೋಲುವುದು ಹೇಗೆ ಎಂದು ಯೋಚಿಸಿಕೊಂಡು ಬನ್ನಿರಿ.